ಅರಿಶಿನ ಹಚ್ಚಿದ ಓಟು

ಕೆನಡಾದ ಮಿಲ್ಟನ್‌ನಲ್ಲಿ ಕೂತು ಅಮೆರಿಕದ ಕಾಂಗ್ರೆಸ್ ಚುನಾವಣೆಗೆ ಪ್ರಚಾರ ಮಾಡಿದ ಮನುಷ್ಯ ಈ ಭೂಮಿಯ ಮೇಲೆ ನಮ್ಮ ಮಾವನೊಬ್ಬರೇ ಇರಬೇಕು. ಮಾವ ಎಂದರೆ ನನ್ನ ಗಂಡನ ತಂದೆಯಲ್ಲ. ನನ್ನ ಅಮ್ಮನ ತಮ್ಮ, ಸೋದರಮಾವ. ಕಾಂಗ್ರೆಸ್ ಎಂದರೂ ನಮ್ಮ ಕಡೆಯ ಪಕ್ಷವಲ್ಲ, ಅಲ್ಲಿಯವರು ತಮ್ಮ ಸಂಸತ್ತನ್ನು ಕರೆಯುವುದೇ ಹಾಗೆ. ಕೆನಡಾದಲ್ಲಿ ಕೂತು ಅದಕ್ಕೆ ಓಟು ಕೇಳುವುದೆಂದರೆ ಯಾರದೋ ಮನೆಯ ಮದುವೆಗೆ ಪಕ್ಕದ ಬೀದಿಯಲ್ಲಿ ನಿಂತು ಓಲಗ ಊದಿದ ಹಾಗೆ. ಹಾಗಂತ ಅವರ ಮುಖಕ್ಕೇ ಹೇಳಿದ್ದೆ. ಅವರು ನಕ್ಕು, "ಊದೋನಿಗೆ ಉಸಿರಿದ್ರೆ ಸಾಕು ಕಣೇ, ಬೀದಿ ಯಾವುದಾದ್ರೇನು?" ಎಂದಿದ್ದರು.

ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಮಾವ ಮೈಸೂರು ಬಿಟ್ಟು ಅಮೆರಿಕದ ಓಹಾಯೋ ಸೇರಿ, ಅಲ್ಲಿಯ ಪೌರತ್ವವನ್ನೂ ಪಡೆದಿದ್ದರು. ಮದುವೆಯಾಗಿ ನಾನೂ ಅಲ್ಲಿಗೇ ಹೋದೆ, ಯಾಕೆಂದರೆ ನಮ್ಮವರಿಗೆ ಕೆಲಸ ಸಿಕ್ಕಿದ್ದು ಮಾವನ ಮನೆಗೆ ಇಪ್ಪತ್ತು ನಿಮಿಷದ ದೂರದಲ್ಲಿ. ನಾವು ಬಂದಿಳಿದ ದಿನ ಮಾವ ಏರ್‌ಪೋರ್ಟಿಗೆ ನನಗೆಂದು ತಮ್ಮ ಹೆಂಡತಿಯ, ಅಂದರೆ ಅತ್ತೆಯ, ಕೋಟು ಹಿಡಿದುಕೊಂಡು ಬಂದಿದ್ದರು. ಅದರ ಜೇಬಿನಲ್ಲಿ ಅತ್ತೆ ಕಟ್ಟಿಕೊಟ್ಟಿದ್ದ ಕೋಡುಬಳೆ. ನನ್ನ ಮಗಳು ಹುಟ್ಟಿದ ದಿನ ಹಿಮದಲ್ಲಿ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಮೆಣಸಿನ ಸಾರು ತಂದವರು ಅವರೇ. ಅವರಿಗೆ ಮಕ್ಕಳಿರಲಿಲ್ಲ. ಮಗಳಿಗೆ ಅವರೇ ತಾತ.

ಆ ದೇಶದಲ್ಲಿ ನಾವು ಹನ್ನೊಂದು ವರ್ಷ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತೆವು. ಸಾಲು ಕರಗಲಿಲ್ಲ, ನಮ್ಮ ಸಹನೆ ಕರಗಿತು. ಗಂಟುಮೂಟೆ ಕಟ್ಟಿ ಮಿಲ್ಟನ್ನಿಗೆ ಬಂದೆವು. ಆಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಮಣ್ಣಿನ ಗುಡ್ಡೆಗಳೇ ಹೆಚ್ಚಿದ್ದವು. ಮುಂದೆ ಅತ್ತೆ ತೀರಿಕೊಂಡ ಮೇಲೆ ಮಾವನನ್ನೂ ಕರೆದುಕೊಂಡು ಬಂದೆವು. ಆರು ತಿಂಗಳಿಗೊಮ್ಮೆ ವಿಸಿಟರ್ ಕಾಗದ ಮುಂದುವರಿಸಿಕೊಂಡು ಅವರು ನಮ್ಮ ಜೊತೆಗೇ ಉಳಿದರು. ಮನೆ ಮಾರಿದರು, ಕಾರು ಮಾರಿದರು, ಓಟೊಂದನ್ನು ಮಾತ್ರ ಇಟ್ಟುಕೊಂಡರು. "ಓಟಿಲ್ದೋನು ಯಾವ ಊರಲ್ಲಾದ್ರೂ ನೆಂಟ ಕಣೇ. ಎಷ್ಟು ಚೆನ್ನಾಗಿ ಬಡಿಸಿದ್ರೂ ನೆಂಟಾನೇ," ಎನ್ನುತ್ತಿದ್ದರು. ನಾನು ಬಡಿಸುತ್ತಿದ್ದಾಗಲೇ ಹೀಗೆ ಹೇಳುತ್ತಿದ್ದರಾದ್ದರಿಂದ ನನಗೆ ಸ್ವಲ್ಪ ಕೋಪವೂ ಬರುತ್ತಿತ್ತು.

ಮಗಳಿಗೆ ಹದಿನೆಂಟು ತುಂಬಿದ ವರ್ಷ ಅಮೆರಿಕ ಎಲ್ಲೋ ದೂರದ ಮರಳುಗಾಡಿನಲ್ಲಿ ಯುದ್ಧ ಮಾಡುತ್ತಿತ್ತು. ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆ ಅದು. ಅಧ್ಯಕ್ಷರು ಸ್ವತಃ ನಿಂತಿರಲಿಲ್ಲ, ಸಂಸತ್ತಿಗೆ ಅವರ ಪಕ್ಷದವರು ನಿಂತಿದ್ದರು. ಪಕ್ಷ ಸೋತರೆ ಯುದ್ಧದ ಹೊತ್ತಿನಲ್ಲಿ ಅಧ್ಯಕ್ಷರ ಕೈ ಕಟ್ಟಿಹಾಕಿದಂತೆ ಎಂಬುದು ಮಾವನ ವಾದ. ನನಗೋ ಆ ಯುದ್ಧವೇ ಬೇಡವಾಗಿತ್ತು. ನಮ್ಮ ಮನೆಯ ಊಟದ ಮೇಜಿನಲ್ಲಿ ಆ ಸೆಪ್ಟೆಂಬರ್ ಪೂರ್ತಿ ಇದೇ ಜಗಳ.

"ಯುದ್ಧ ಸರಿಯೋ ತಪ್ಪೋ ಆಮೇಲೆ ನೋಡೋಣ. ಹುಡುಗ್ರನ್ನ ಕಳಿಸಿ ಆಗಿದೆ. ನಡುನೀರಲ್ಲಿ ಕೈ ಬಿಡ್ತಾರೇನೇ? ಹಸೆಮಣೆ ಮೇಲೆ ಕೂತ್ಮೇಲೆ ಜಾತಕ ನೋಡೋ ಹಾಗಾಯ್ತು ನಿನ್ನ ಮಾತು."

"ತಾಳಿ ಕಟ್ಟೋ ತನಕ ಎದ್ದು ಬರಬಹುದು ಮಾವ."

"ಎದ್ದು ಬಂದೋರ ಗತಿ ನೋಡಿದೀಯಾ ನೀನು?"

ನಮ್ಮವರು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಬೆಳಗಿನ ರೈಲು ಹಿಡಿದು ಟೊರೊಂಟೊಗೆ ಹೋಗಿ ಬರುವ ಮನುಷ್ಯನಿಗೆ ಯಾರು ಗೆದ್ದರೂ ರೈಲು ತಡವಾಗುವುದು ತಪ್ಪುವುದಿಲ್ಲ ಎಂಬ ಜ್ಞಾನೋದಯವಾಗಿತ್ತು.

ಓಹಾಯೋದಲ್ಲಿದ್ದಾಗ ಮಾವ ಪ್ರತಿ ಚುನಾವಣೆಗೂ ಬಾಗಿಲು ಬಾಗಿಲು ತಟ್ಟಿ ಓಟು ಕೇಳಿದವರು. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಹೊಸ್ತಿಲ ಆಚೀಚೆ ನಿಂತು ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ನಮ್ಮಲ್ಲಿ ಹೇಳುವುದಿಲ್ಲವೇ, ಅದನ್ನು ಮಾವ ಅಲ್ಲೂ ಬಿಟ್ಟಿರಲಿಲ್ಲ. ಯಾರಾದರೂ ಬಾಗಿಲು ತೆರೆದರೆ ಇವರು ಕರಪತ್ರ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಇದೇನಪ್ಪ ಎಂದು ಆ ಮನುಷ್ಯ ಹೊರಗೆ ಬರಲೇಬೇಕು. ಬಂದ ಮೇಲೆ ಹವೆ, ಹುಲ್ಲು, ನಾಯಿ, ಮೊಣಕಾಲು ನೋವು ಎಲ್ಲ ಮಾತಾಡಿಯೇ ಒಳಗೆ ಹೋಗುತ್ತಿದ್ದ. ಪಕ್ಷದ ಕಚೇರಿಯವರು ಇದನ್ನು ದೊಡ್ಡ ಉಪಾಯವೆಂದು ತಿಳಿದು ಹೊಸಬರಿಗೂ ಕಲಿಸಿದರಂತೆ. ಅದು ನಮ್ಮ ಅಜ್ಜಿ ಹೇಳಿಕೊಟ್ಟ ಶಾಸ್ತ್ರ ಎಂದು ಮಾವ ಯಾರಿಗೂ ಹೇಳಲಿಲ್ಲ.

ಮಿಲ್ಟನ್ನಿನಲ್ಲಿ ತಟ್ಟಲು ಅಂಥ ಬಾಗಿಲುಗಳಿರಲಿಲ್ಲ. ಆದರೆ ಮಾವನಿಗೆ ಒಂದು ವಿಷಯ ಹೊಳೆಯಿತು. ನಮ್ಮ ಹಾಗೆಯೇ ಸಾಲಿನಲ್ಲಿ ನಿಂತು ಬೇಸತ್ತು ಈ ಕಡೆ ಬಂದ ಕನ್ನಡದವರು ಎಷ್ಟೋ ಜನ ಇದ್ದರು. ಅವರಿಗೆ ಅಲ್ಲಿ ಓಟಿಲ್ಲ, ಆದರೆ ಅಲ್ಲಿ ಹುಟ್ಟಿದ್ದರಿಂದಲೇ ಅಲ್ಲಿಯ ಪ್ರಜೆಗಳಾದ ಅವರ ಮಕ್ಕಳಿಗೆ ಇದೆ. ದಸರಾ ಹಬ್ಬದ ಹಿಂದಿನ ವಾರ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡದವರೆಲ್ಲ ಸೇರಿದಾಗ ಮಾವ ಪಂಚೆ ಉಟ್ಟು, ಸ್ವೆಟರ್ ಹಾಕಿ, ಪ್ರತಿ ತಾಯಿಯ ಹತ್ತಿರವೂ ಹೋಗಿ ಕೇಳಿದ್ದು ಎರಡೇ ಪ್ರಶ್ನೆ: "ಮಗು ಹುಟ್ಟಿದ್ದು ಎಲ್ಲಮ್ಮಾ? ಹದಿನೆಂಟು ತುಂಬ್ತಾ?"

ಕೂದಲು ನರೆತ ಹಿರಿಯರೊಬ್ಬರು ಮಕ್ಕಳ ಹುಟ್ಟಿದ ಊರು, ವಯಸ್ಸು ವಿಚಾರಿಸಿದರೆ ನಮ್ಮ ಹೆಂಗಸರು ಏನೆಂದುಕೊಳ್ಳಬೇಕು? ಅದನ್ನೇ ಅಂದುಕೊಂಡರು. ಆ ವಾರ ನಮ್ಮ ಮನೆಗೆ ಎರಡು ಜಾತಕ, ಒಂದು ಫೋಟೋ ಬಂದವು. ಟೊರೊಂಟೊ ಆಚೆಯ ಮಾರ್ಕಮ್‌ನ ಒಬ್ಬರಂತೂ, "ಹುಡುಗಿ ಈಗಿನ್ನೂ ಓದ್ತಿದಾಳೆ, ಎಂಗೇಜ್‌ಮೆಂಟ್ ಬೇಕಾದ್ರೆ ಮಾಡ್ಕೊಳ್ಳೋಣ," ಎಂದು ಫೋನ್ ಮಾಡಿದರು. ಮಾವ ಹೆದರಲಿಲ್ಲ. ನನ್ನನ್ನೇ ಡ್ರೈವರ್ ಮಾಡಿಕೊಂಡು ಅವರ ಮನೆಗೆ ಹೋದರು. ಬಾಗಿಲಲ್ಲೇ ಎರಡು ಹೆಜ್ಜೆ ಹಿಂದೆ ಸರಿದು ಯಜಮಾನರನ್ನು ಚಳಿಗೆ ಎಳೆದು ನಿಲ್ಲಿಸಿದರು. ಯುದ್ಧ, ಅಧ್ಯಕ್ಷ, ಸಂಸತ್ತು ಎಲ್ಲವನ್ನೂ ವಿವರಿಸಿದರು. ಅವರು ಒಳಗೆ ಕರೆದು ಚಕ್ಕುಲಿ ಕೊಟ್ಟು, ಕೈ ಮುಗಿದು, "ಆಗ್ಲಿ ಸಾರ್, ನೋಡೋಣ," ಎಂದರು.

ಕಾರಿನಲ್ಲಿ ಕೂತ ಮೇಲೆ ನಾನು ಚುಚ್ಚಿದೆ. "ನೋಡೋಣ ಅಂದ್ರೆ ಏನೂಂತ ಗೊತ್ತಲ್ಲ ಮಾವ?"

"ಗೊತ್ತು ಕಣೇ. ಇಲ್ಲ ಅಂತ. ಆದ್ರೂ ಚಕ್ಕುಲಿ ಚೆನ್ನಾಗಿತ್ತು," ಎಂದರು.

ಅಲ್ಲಿಗೆ ಅವರ ಪಾಲಿಗೆ ಉಳಿದದ್ದು ಎರಡೇ ಓಟು: ಅವರದು ಮತ್ತು ನನ್ನ ಮಗಳದು. ಮಗಳು ಆಗ ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಜಗಳ ಮಾತ್ರ ಇಂಗ್ಲಿಷಿನಲ್ಲಿ. ತಾತ ಅವಳ ಹಿಂದೆ ಮೆಟ್ಟಿಲು ಹತ್ತಿ ಇಳಿದು ಓಟು ಕೇಳುತ್ತಿದ್ದರು. ಅವಳ ಕೋಣೆಯ ಬಾಗಿಲು ತಟ್ಟಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ಅವಳು ನಗುತ್ತಾ ಹೊರಗೆ ಬರುತ್ತಿದ್ದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಕೊನೆಗೆ ಅವಳು, "ನೋ ತಾತ, ಐ ಕಾಂಟ್," ಎನ್ನುತ್ತಿದ್ದಳು. ಅವರು, "ನಾಳೆ ಬರ್ತೀನಿ," ಎಂದು ಕೆಳಗಿಳಿಯುತ್ತಿದ್ದರು. ಈಗ ಆ ಮೆಟ್ಟಿಲುಗಳನ್ನು ಗುಡಿಸುವಾಗ ನನಗೆ ಆ ಸದ್ದು ಬೇಕೆನಿಸುತ್ತದೆ.

ಮತಪತ್ರಗಳು ನವರಾತ್ರಿಯಲ್ಲೇ ಬಂದವು. ದೇಶದ ಹೊರಗಿರುವವರಿಗೆ ಅದು ಇಮೇಲಿನಲ್ಲಿ ಬರುತ್ತದೆ. ಪ್ರಿಂಟ್ ಮಾಡಿ, ತುಂಬಿ, ಅಂಚೆಯಲ್ಲಿ ಕಳಿಸಬೇಕು. ಅಲ್ಲಿಯವರೆಗೆ ಮಾವ ಮತಗಟ್ಟೆಗೇ ಹೋಗಿ ಓಟು ಹಾಕಿದವರು. ಮತಪತ್ರ ಮನೆಯೊಳಗೆ ಬಂದದ್ದು ಅದೇ ಮೊದಲು. ಬೇಸ್‌ಮೆಂಟಿನ ಪ್ರಿಂಟರು ಅದನ್ನು ಉಗುಳಿದಾಗ ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲೆ ತಂದರು. ಅಂದು ಸರಸ್ವತಿ ಪೂಜೆ. ಸ್ನಾನ ಮಾಡಿ, ರಾಹುಕಾಲ ಕಳೆದ ಮೇಲೆ, ಊಟದ ಮೇಜಿನ ಮೇಲೆ ಹೊಸ ವಸ್ತ್ರ ಹಾಸಿ, ಅತ್ತೆ ಕೊಟ್ಟಿದ್ದ ಪೆನ್ನಿನಿಂದ ತಾವು ಆರಿಸಿದ ಹೆಸರಿನ ಪಕ್ಕದ ಒಂದೊಂದೇ ಗುಂಡನೆಯ ಮನೆಯನ್ನು ತುಂಬಿದರು. ಕೈ ನಡುಗುತ್ತಿತ್ತು. ಅರ್ಧ ಗಂಟೆ ಹಿಡಿಯಿತು.

"ಒಂದು ಚೂರು ಅರಿಶಿನ ಕಲಸ್ಕೊಂಡು ಬಾರೇ," ಎಂದು ನನಗೆ ಹೇಳಿದರು.

ಶುಭದ ಕಾಗದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ನಾವು ಮನೆಯಿಂದ ಆಚೆ ಕಳಿಸುತ್ತೇವೆಯೇ? ಲಗ್ನಪತ್ರಿಕೆಗೆ ಹಚ್ಚುತ್ತೇವೆ, ಹೊಸ ಪುಸ್ತಕಕ್ಕೆ ಹಚ್ಚುತ್ತೇವೆ. ನಾನೂ ಯೋಚಿಸಲಿಲ್ಲ. ಹೆಬ್ಬೆರಳು ಅದ್ದಿ ನಾಲ್ಕು ಮೂಲೆಗೂ ಒತ್ತಿದೆ. ನನಗೆ ಬೇಡವಾದ ಯುದ್ಧಕ್ಕೆ ಬಿದ್ದ ಓಟು ಅದು. ಆದರೂ ಹಚ್ಚುವಾಗ ಮನಸ್ಸಿಗೆ ಹಿತವಾಗಿಯೇ ಇತ್ತು. ಎಷ್ಟಾದರೂ ಮಾವನ ಕಾಗದ. ಅದನ್ನು ಲಕೋಟೆಯೊಳಗೆ ಇಟ್ಟು, ಅಂಟಿಸದೆ, ಪೂಜೆಗಿಟ್ಟ ಪುಸ್ತಕಗಳ ಕೆಳಗೆ ಸೇರಿಸಿದೆವು. ವಿಜಯದಶಮಿಯವರೆಗೆ ಪೂಜೆಯ ಪುಸ್ತಕ ಮುಟ್ಟುವಂತಿಲ್ಲ. ಅಂದು ತೆಗೆದು, ಅಂಟಿಸಿ, ಪೋಸ್ಟಿಗೆ ಹಾಕುವುದೆಂದಾಯಿತು.

ಆ ಸಂಜೆ ಮಗಳು ತನ್ನ ಮತಪತ್ರ ತುಂಬಲು ಕೂತಳು. ನಾನು ಹುರುಳಿಕಾಯಿ ಸೋಸುತ್ತಿದ್ದೆ. ಸೂಚನೆಯ ಹಾಳೆ ಹಿಡಿದುಕೊಂಡು ಅಡುಗೆಮನೆಗೆ ಬಂದು, ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಮತಪತ್ರದ ಮೇಲೆ ಬೇರೆ ಯಾವುದೇ ಗುರುತು, ಕಲೆ, ಬರಹ ಇರಬಾರದು. ಇದ್ದರೆ ಓಟು ಎಣಿಕೆಗೆ ಬರದೆ ಹೋಗಬಹುದು ಎಂದಿತ್ತು.

"ಅಮ್ಮ, ತಾತನ ಬ್ಯಾಲೆಟ್ ರಿಜೆಕ್ಟ್ ಆಗತ್ತೆ. ವಿ ಹ್ಯಾವ್ ಟು ಟೆಲ್ ಹಿಮ್."

ನಾನು ಓದಿದೆ. ಇನ್ನೊಂದು ಸಲ ಓದಿದೆ. ಮಾಡಬೇಕಾಗಿದ್ದದ್ದು ಇಷ್ಟೇ: ಬೇಸ್‌ಮೆಂಟಿಗೆ ಇಳಿದು ಇನ್ನೊಂದು ಹಾಳೆ ಪ್ರಿಂಟ್ ಮಾಡುವುದು. ಎರಡು ನಿಮಿಷದ ಕೆಲಸ.

"ಬಿಡು. ಪೂಜೆಗಿಟ್ಟಿದ್ದನ್ನ ಈಗ ತೆಗೀಬಾರ್ದು. ಅರ್ಧ ಗಂಟೆ ಕೈ ನಡುಗಿಸ್ಕೊಂಡು ತುಂಬಿದಾರೆ, ಮತ್ತೆ ಮಾಡಿ ಅಂದ್ರೆ ಬೇಜಾರಾಗತ್ತೆ. ಅವರಿಗೆ ಹೇಳ್ಬೇಡ," ಎಂದೆ.

"ಬಟ್ ಇಟ್ ವೋಂಟ್ ಕೌಂಟ್."

"ಒಂದು ಓಟು ತಾನೇ?"

ಮಗಳು ನನ್ನ ಮುಖವನ್ನೇ ನೋಡಿದಳು. ನಾನು ಹುರುಳಿಕಾಯಿಯ ಕಡೆ ತಿರುಗಿದೆ. ಪೂಜೆ, ಬೇಜಾರು ಎಲ್ಲ ಬಾಯಿಮಾತು. ಒಳಗೆ ನನಗೆ ಖುಷಿಯಾಗಿತ್ತು. ಹನ್ನೊಂದು ವರ್ಷ ನನ್ನನ್ನು ಬಾಗಿಲಾಚೆ ನಿಲ್ಲಿಸಿದ ದೇಶ, ಬೇಡದ ಯುದ್ಧ, ಅದಕ್ಕೆ ನಮ್ಮ ಮನೆಯಿಂದ ಹೋಗಬೇಕಾಗಿದ್ದ ಓಟೊಂದು ತಾನಾಗಿಯೇ ಕೆಟ್ಟುಹೋಗಿದೆ, ನಾನೇನೂ ಮಾಡಬೇಕಾಗಿಲ್ಲ ಎಂದುಕೊಂಡೆ. ಆ ಓಟು ಯಾರದೆಂದು ಆ ಗಳಿಗೆಯಲ್ಲಿ ನೆನಪು ಮಾಡಿಕೊಳ್ಳಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ನಾನು ಪೂಜೆಗೆ ಹೂವು ತರಲು ಹೋಗಿ ಬರುವಷ್ಟರಲ್ಲಿ ಮಾವ ಲಕೋಟೆ ಅಂಟಿಸಿಬಿಟ್ಟಿದ್ದರು. ಮಗಳದೂ ಪಕ್ಕದಲ್ಲಿತ್ತು. ಅಂಟಿಸಿಯಾಗಿದೆ, ಇನ್ನು ಹೇಳಿಯೂ ಪ್ರಯೋಜನವಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಕಾರಿನಲ್ಲಿ ಅಂಚೆ ಕಚೇರಿಗೆ ಕರೆದುಕೊಂಡು ಹೋದವಳೂ ನಾನೇ. ಮಾವ ಎರಡೂ ಲಕೋಟೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಬೀದಿಯ ಸಣ್ಣ ಮೇಪಲ್ ಗಿಡಗಳೆಲ್ಲ ಕೆಂಪಾಗಿದ್ದವು. ಅತ್ತೆಯ ಜೊತೆ ಮೊದಲ ಸಲ ಓಟು ಹಾಕಿದ ದಿನದ ಕಥೆ ಹೇಳಿದರು: ಅತ್ತೆ ಮದುವೆಯ ಸೀರೆ ಉಟ್ಟು ಮತಗಟ್ಟೆಗೆ ಬಂದಿದ್ದರಂತೆ, ಸಾಲಿನಲ್ಲಿದ್ದವರೆಲ್ಲ ಅವರಿಗೆ ದಾರಿ ಬಿಟ್ಟರಂತೆ. ನಾನು ಸ್ಟೀರಿಂಗ್ ಹಿಡಿದುಕೊಂಡು, ಹೂಂ, ಹೂಂ ಎನ್ನುತ್ತಿದ್ದೆ. ಕೌಂಟರಿನಲ್ಲಿ ಲಕೋಟೆಯನ್ನು ಕಣ್ಣಿಗೆ ಒತ್ತಿಕೊಂಡು ಕೊಟ್ಟರು.

ಚುನಾವಣೆಯಲ್ಲಿ ಓಹಾಯೋದ ಅವರ ಕ್ಷೇತ್ರದ ಸೀಟು ಅವರ ಪಕ್ಷಕ್ಕೆ ಸಿಗಲಿಲ್ಲ. ನಾನು ಕಾಫಿ ತಂದುಕೊಟ್ಟು ಎದುರಿಗೆ ಕೂತೆ. ಅವರು ಸ್ವಲ್ಪ ಹೊತ್ತು ಟಿವಿ ನೋಡಿ, "ಹೋಗ್ಲಿ ಬಿಡು. ಸೋತೋರ ಲೆಕ್ಕದಲ್ಲಿ ನಂದೂ ಒಂದಿದೆಯಲ್ಲ, ಅಷ್ಟು ಸಾಕು," ಎಂದರು. ಹೇಳಿಬಿಡಲೇ ಎನಿಸಿತು. ಹೇಳಲಿಲ್ಲ. ಆಮೇಲೆ ಎಷ್ಟೋ ವರ್ಷ, ಅವರ ಹಾಸಿಗೆ ಸರಿಮಾಡುವಾಗ, ಔಷಧಿ ಕೊಡುವಾಗ, ಆ ಮಾತು ಬಾಯಿಯವರೆಗೆ ಬಂದು ನಿಂತಿದೆ.

ಕಳೆದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಅವರ ಕೋಣೆಯ ಸಾಮಾನು ತೆಗೆಯಲು ನನಗೆ ಧೈರ್ಯ ಬಂದದ್ದು ಈ ಬೇಸಿಗೆಯಲ್ಲಿ. ಮಗಳು ಈಗ ಮಾರ್ಕಮ್‌ನಲ್ಲಿ ಕೆಲಸದಲ್ಲಿದ್ದಾಳೆ, ಅಲ್ಲೇ ಮನೆ ಮಾಡಿದ್ದಾಳೆ. ಶನಿವಾರ ಸಹಾಯಕ್ಕೆ ಬಂದಳು. ಅವರ ದೇವರ ಪೆಟ್ಟಿಗೆ ತೆರೆದೆವು. ಸಾಲಿಗ್ರಾಮದ ಬಟ್ಟಲು, ಅತ್ತೆಯ ಕುಂಕುಮದ ಭರಣಿ, ಒಣಗಿದ ತುಳಸಿ. ಎಲ್ಲದರ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಕಾಗದ. ಬಿಡಿಸಿದೆ. ನಡುಗುವ ಕೈಯಲ್ಲಿ ತುಂಬಿದ ಗುಂಡನೆಯ ಮನೆಗಳು. ನಾಲ್ಕು ಮೂಲೆಯಲ್ಲಿ ಅರಿಶಿನ.

ನನಗೆ ಏನೂ ಅರ್ಥವಾಗಲಿಲ್ಲ. ಇದು ಓಹಾಯೋದ ಯಾವುದೋ ಕಸದ ಬುಟ್ಟಿ ಸೇರಿದೆ ಎಂದು ಇಷ್ಟು ವರ್ಷ ನಂಬಿದ್ದೆ. ಮಗಳ ಕಡೆ ನೋಡಿದೆ. ಅವಳು ನೆಲದ ಮೇಲೆ ಕೂತುಬಿಟ್ಟಳು.

"ನೀನು ಹೂವು ತರಕ್ಕೆ ಹೋಗಿದ್ಯಲ್ಲ, ಆಗ ನಾನು ಹೇಳ್ದೆ," ಎಂದಳು. ಹೊಸ ಹಾಳೆ ಪ್ರಿಂಟ್ ಮಾಡಿಕೊಟ್ಟವಳು ಅವಳೇ. ತಾತ ಮತ್ತೆ ಕೂತು ತುಂಬಿದರಂತೆ. ಪೂಜೆಯಾದ ಕಾಗದ ಬಿಸಾಡಬಾರದೆಂದು ಹಳೆಯದನ್ನು ಮಡಿಸಿ ಪೆಟ್ಟಿಗೆಗೆ ಸೇರಿಸಿದರಂತೆ. ಅಂದರೆ ನನ್ನ ಪಕ್ಕದಲ್ಲಿ ಕಾರಿನಲ್ಲಿ ಕೂತಿದ್ದಾಗ ಅವರ ತೊಡೆಯ ಮೇಲಿದ್ದದ್ದು ಸರಿಯಾದ ಓಟು.

"ನಿಂದು ಯಾರಿಗೆ ಹಾಕಿದ್ದೆ?"

"ದಿ ಅದರ್ ಪಾರ್ಟಿ. ತಾತಂಗೆ ಗೊತ್ತಿತ್ತು. ಐ ವಾಂಟೆಡ್ ಟು ಬೀಟ್ ಹಿಮ್ ಫೇರ್, ಅಮ್ಮ."

ಹದಿನೆಂಟರ ಹುಡುಗಿಗೆ ಇದ್ದ ನ್ಯಾಯ ನನಗಿರಲಿಲ್ಲ. ನಾಚಿಕೆಯಿಂದ ಮುಖ ಬಿಸಿಯಾಯಿತು. ಅವಳ ಮೇಲೂ ಕೋಪ ಮಾಡಿಕೊಳ್ಳಬೇಕೆನಿಸಿತು, ಇಷ್ಟು ವರ್ಷ ನನ್ನನ್ನು ಒಳಗೊಳಗೇ ಬೇಯಲು ಬಿಟ್ಟಳಲ್ಲ ಎಂದು. "ನಂಗ್ಯಾಕೆ ಹೇಳ್ಲಿಲ್ಲ?" ಎಂದೆ.

ಅವಳು ಕಾಗದದ ಮೂಲೆಯನ್ನು ಸವರುತ್ತಾ ತಾತನ ಮಾತನ್ನು ಅವರ ಧಾಟಿಯಲ್ಲೇ, ಅಪ್ಪಟ ಕನ್ನಡದಲ್ಲಿ ಹೇಳಿದಳು. "'ನಿಮ್ಮಮ್ಮಂಗೆ ಹೇಳ್ಬೇಡ ಮಗು. ಪಾಪ, ಪ್ರೀತಿಯಿಂದ ಹಚ್ಚಿದಾಳೆ. ತನ್ನ ಕೈಯಿಂದ ನನ್ನ ಓಟು ಕೆಟ್ಟೋಗ್ತಿತ್ತು ಅಂತ ಗೊತ್ತಾದ್ರೆ ನೊಂದ್ಕೋತಾಳೆ.' ಹಾಗಂದ್ರು. ಪ್ರಾಮಿಸ್ ತಗೊಂಡ್ರು."

ಕೆಳಗಿನಿಂದ ನಮ್ಮವರು ಊಟಕ್ಕೆ ಕರೆದರು. ಇಬ್ಬರೂ ಏಳಲಿಲ್ಲ.

"ನಂಗೆ ಮೊದ್ಲೇ ಗೊತ್ತಿತ್ತು ಅಂತ ಹೇಳಿದ್ಯಾ ಅವರಿಗೆ?" ಎಂದು ಕೇಳಿದೆ.

ಮಗಳು ತಲೆ ಅಲ್ಲಾಡಿಸಿದಳು. ಇಲ್ಲ ಎಂದು.

ಕಾಗದವನ್ನು ಅದೇ ಮಡಿಕೆಯಲ್ಲಿ ಮಡಿಸಿದೆ. ನಾಲ್ಕು ಮೂಲೆಯಲ್ಲೂ ನನ್ನ ಹೆಬ್ಬೆರಳಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಪೆಟ್ಟಿಗೆಯಲ್ಲಿ ಅವರು ಇಟ್ಟಿದ್ದ ಜಾಗದಲ್ಲೇ ಇಟ್ಟು, ಮೇಲೆ ಅತ್ತೆಯ ಭರಣಿ ಇಟ್ಟು, ಮುಚ್ಚಳ ಮುಚ್ಚಿದೆ.